ಮಂಜಿನ ಹನಿಯಿಂದ ಚಿನ್ನದ ಚುಕ್ಕಿಗೆ: ಲೋಹದ ತೆಳುಪೊರೆಯಲ್ಲಿ ನ್ಯಾನೋ ವಿನ್ಯಾಸ ಮೂಡಿಸುವುದು, ಹಂತ ಹಂತವಾಗಿ

ನ್ಯಾನೋ ಅಂದ ಕೂಡಲೇ ಕೋಟಿಗಟ್ಟಲೆ ಬೆಲೆಯ ಯಂತ್ರ, ಬಿಳಿ ಗೌನು ತೊಟ್ಟ ವಿಜ್ಞಾನಿ, ಬೆಂಗಳೂರಿನ ದೊಡ್ಡ ಸಂಸ್ಥೆ ಕಣ್ಣ ಮುಂದೆ ಬರುತ್ತವೆ. ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಬಿಎಸ್ಸಿ ಓದುತ್ತಿರುವವರಿಗೆ ಇದು ನಮಗಲ್ಲ ಅನ್ನಿಸಿಬಿಡುತ್ತದೆ. ಭಯಪಡಬೇಡಿ. ಗಾಜಿನ ಮೇಲೆ ಚಿನ್ನದ ಸಾವಿರಾರು ಕೋಟಿ ಚುಕ್ಕಿಗಳನ್ನು ಹರಡುವುದಕ್ಕೆ ಅವನ್ನು ಒಂದೊಂದಾಗಿ ಇಡಬೇಕಾಗಿಲ್ಲ. ತೆಳುವಾದ ಪೊರೆ ಹಾಕಿ, ಬಿಸಿ ಮಾಡಿ, ಕೈ ಹಿಂದಕ್ಕೆ ತೆಗೆದುಕೊಂಡರೆ ಸಾಕು. ಉಳಿದದ್ದನ್ನು ಚಿನ್ನವೇ ಮಾಡಿಕೊಳ್ಳುತ್ತದೆ. ಎಷ್ಟು ದಪ್ಪ, ಯಾವ ಮೇಲ್ಮೈ, ಎಷ್ಟು ಶಾಖ, ಈ ಮೂರನ್ನು ತೀರ್ಮಾನಿಸುವುದಷ್ಟೇ ನಿಮ್ಮ ಕೆಲಸ.

ಇದರ ಮೊದಲ ಪಾಠಕ್ಕೆ ಲ್ಯಾಬ್ ಬೇಡ. ಗುಂಡ್ಲುಪೇಟೆ ತಾಲ್ಲೂಕಿನಲ್ಲೇ 1,450 ಮೀಟರಿಗೂ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇದೆ, ಅದರ ಮೇಲೆ ಮಂಜಿದೆ. ಎರಡನೆಯ ಪಾಠಕ್ಕೆ ಅಡುಗೆಮನೆ ಸಾಕು. ಮೂರನೆಯದಕ್ಕೆ ಮಾತ್ರ ಲ್ಯಾಬ್ ಬೇಕು. ಈ ಕ್ರಮವನ್ನು ತಪ್ಪಿಸಬೇಡಿ. ಮೊದಲೆರಡನ್ನು ಕಣ್ಣಾರೆ ಕಂಡವರಿಗೆ ಮೂರನೆಯದರಲ್ಲಿ ಏನು ನಡೆಯುತ್ತಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಬೆಟ್ಟದ ಮೇಲೆ

ಹಂತ 1. ಎರಡು ಸ್ಲೈಡ್ ಸಿದ್ಧ ಮಾಡಿ. ಮೈಕ್ರೋಸ್ಕೋಪಿಗೆ ಬಳಸುವ ಸಾಮಾನ್ಯ ಗಾಜಿನ ಸ್ಲೈಡ್ ಎರಡು ತೆಗೆದುಕೊಳ್ಳಿ. ಎರಡನ್ನೂ ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ, ನೊರೆ ಪೂರ್ತಿ ಹೋಗುವವರೆಗೆ ನಲ್ಲಿ ನೀರಿನಲ್ಲಿ ತೊಳೆದು ಒಣಗಿಸಿ. ಒಂದನ್ನು ಹಾಗೇ ಬಿಡಿ. ಇನ್ನೊಂದರ ಒಂದು ಬದಿಗೆ ಮೇಣದ ಬತ್ತಿಯನ್ನು ಹಗುರಾಗಿ ಉಜ್ಜಿ, ಒಣ ಬಟ್ಟೆಯಿಂದ ತಿಕ್ಕಿ. ಮೇಣ ಕಣ್ಣಿಗೆ ಕಾಣಬಾರದು, ಆದರೆ ಇರಬೇಕು. ಯಾವುದು ಯಾವುದೆಂದು ಮೂಲೆಯಲ್ಲಿ ಮಾರ್ಕರ್‌ನಿಂದ ಗುರುತು ಹಾಕಿ. ಗಾಜನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಬೆರಳ ಗುರುತು ಬಿದ್ದ ಜಾಗದಲ್ಲಿ ಪ್ರಯೋಗ ಕೆಟ್ಟಂತೆಯೇ.

ಹಂತ 2. ಬೆಳಗ್ಗೆಯೇ ಹೊರಡಿ. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹೋಗಿ ಹಂಗಳದಲ್ಲಿ ತಿರುಗಿದರೆ ಬೆಟ್ಟದ ತಪ್ಪಲು ಸಿಗುತ್ತದೆ. ಇದು ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶ. ಸ್ವಂತ ವಾಹನಗಳನ್ನು ಮೇಲಕ್ಕೆ ಬಿಡುವುದಿಲ್ಲ, ತಪ್ಪಲಿನಿಂದ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಹತ್ತಬೇಕು. ಸ್ಲೈಡ್‌ಗಳನ್ನು ಸಣ್ಣ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಹೊತ್ತು ಏರಿದ ಮೇಲೆ ಹೋದರೆ ಮಂಜು ಕರಗಿರಬಹುದು. ಆಗಲೂ ಪರವಾಗಿಲ್ಲ, ಸ್ಲೈಡಿನ ಮೇಲೆ ಬಾಯಿಂದ ಬಿಸಿ ಉಸಿರು ಬಿಟ್ಟೇ ಪ್ರಯೋಗ ಮಾಡಬಹುದು.

ಹಂತ 3. ಮಂಜಿಗೆ ಸ್ಲೈಡ್ ಹಿಡಿಯಿರಿ. ದೇವಸ್ಥಾನದ ಅಂಗಳದ ಒಂದು ಬದಿಗೆ, ಯಾರಿಗೂ ಅಡ್ಡವಾಗದಂತೆ ನಿಂತು, ಗಾಳಿ ಬರುವ ದಿಕ್ಕಿಗೆ ಎರಡೂ ಸ್ಲೈಡ್ ಹಿಡಿಯಿರಿ. ಹುಲ್ಲುಗಾವಲಿನ ಕಡೆ ಇಳಿಯಬೇಡಿ, ಅಲ್ಲಿ ಆನೆಗಳು ಓಡಾಡುತ್ತವೆ. ಕೆಲವು ನಿಮಿಷ ಕಾಯಿರಿ.

ಹಂತ 4. ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ಮ್ಯಾಕ್ರೋ ಮೋಡ್ ಇದ್ದರೆ ಅದನ್ನೇ ಬಳಸಿ, ಇಲ್ಲದಿದ್ದರೆ ಕ್ಯಾಮೆರಾದ ಮುಂದೆ ಭೂತಗನ್ನಡಿ ಹಿಡಿಯಿರಿ. ಮೇಣದ ಸ್ಲೈಡನ್ನು ಗಮನಿಸಿ. ಗಾಜು ಬೆಳ್ಳಗಾಗಿದೆ. ಆ ಬಿಳುಪಿನೊಳಗೆ ಸಣ್ಣ ಸಣ್ಣ ಹನಿಗಳಿವೆ. ಅಕ್ಕಪಕ್ಕದ ಹನಿಗಳು ಹೆಚ್ಚುಕಡಿಮೆ ಒಂದೇ ಗಾತ್ರ, ನಡುವಿನ ಅಂತರವೂ ಹೆಚ್ಚುಕಡಿಮೆ ಒಂದೇ. ನೋಡುತ್ತಿದ್ದಂತೆ ಎರಡು ಹನಿ ಬೆಳೆದು ತಾಕುತ್ತವೆ, ಚಕ್ಕನೆ ಒಂದಾಗುತ್ತವೆ, ಅವು ಬಿಟ್ಟುಹೋದ ಒಣ ಜಾಗದಲ್ಲಿ ಹೊಸ ಪುಟ್ಟ ಹನಿಗಳು ಹುಟ್ಟುತ್ತವೆ. ತೊಳೆದು ಹಾಗೇ ಬಿಟ್ಟ ಸ್ಲೈಡಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ನೀರು ಹರಡಿಕೊಂಡು ಗಾಜು ಬಹುತೇಕ ಪಾರದರ್ಶಕವಾಗಿಯೇ ಉಳಿಯುತ್ತದೆ.

ನೀರು ಅದೇ, ಮಂಜು ಅದೇ, ಗಾಜೂ ಅದೇ. ವ್ಯತ್ಯಾಸ ಕಣ್ಣಿಗೆ ಕಾಣದ ಮೇಣದ ಪದರದ್ದು ಮಾತ್ರ. ನೀರಿಗೆ ಗಾಜು ಇಷ್ಟ, ಮೇಣ ಇಷ್ಟವಿಲ್ಲ. ಇಷ್ಟವಿಲ್ಲದ ಕಡೆ ಅದು ತನ್ನ ಮೈಯನ್ನು ಆದಷ್ಟು ಕಡಿಮೆ ಮಾಡಿಕೊಂಡು ಉಂಡೆ ಕಟ್ಟುತ್ತದೆ.

ಇದನ್ನು ಆಟವೆಂದು ತಳ್ಳಿಹಾಕಬೇಡಿ. 1921ರಲ್ಲಿ, ಇನ್ನೂ ಕಲ್ಕತ್ತೆಯಲ್ಲಿದ್ದಾಗ, ಸಿ.ವಿ. ರಾಮನ್ ಅವರು ಉಸಿರು ಬಿಟ್ಟ ಗಾಜಿನಲ್ಲಿ ಕಾಣುವ ಬಣ್ಣಗಳ ಕುರಿತು 'ನೇಚರ್' ಪತ್ರಿಕೆಗೆ ಟಿಪ್ಪಣಿ ಬರೆದಿದ್ದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದವರು ಅವರೇ. ಗಾಜಿನ ಮೇಲಿನ ಹನಿಗಳನ್ನು ಅಷ್ಟು ದೊಡ್ಡವರು ಶ್ರದ್ಧೆಯಿಂದ ನೋಡಿದ್ದಾರೆ ಅಂದಮೇಲೆ ನಾವೂ ನೋಡೋಣ.

ಹೊರಡುವಾಗ ಸ್ಲೈಡ್‌ಗಳನ್ನು ಎಣಿಸಿ ಡಬ್ಬಿಗೆ ಹಾಕಿಕೊಳ್ಳಿ. ಗಾಜಿನ ಒಂದು ಚೂರೂ ಕಾಡಿನಲ್ಲಿ ಉಳಿಯಬಾರದು.

ಅಡುಗೆಮನೆಯಲ್ಲಿ

ಬೆಟ್ಟದಲ್ಲಿ ನೀರು ಹೊರಗಿನಿಂದ ಬಂದು ಹನಿಯಾಯಿತು. ಈಗ ಮೊದಲೇ ಹರಡಿದ ಪೊರೆಯೊಂದು ಒಡೆದು ಹನಿಯಾಗುವುದನ್ನು ನೋಡಬೇಕು. ನೀರಿನಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಅದಕ್ಕೇ ನಿಧಾನವಾಗಿ ಹರಿಯುವ ಗ್ಲಿಸರಿನ್ ಬೇಕು, ಮೆಡಿಕಲ್ ಸ್ಟೋರಿನಲ್ಲಿ ಸಣ್ಣ ಬಾಟಲಿ ಸಿಗುತ್ತದೆ.

ಹಂತ 5. ತಟ್ಟೆಗೆ ಮೇಣ ಹಚ್ಚಿ. ಚಪ್ಪಟೆಯಾದ ಸ್ಟೀಲ್ ತಟ್ಟೆಯನ್ನು ತೊಳೆದು ಒರೆಸಿ, ನಡುವಿನ ಭಾಗಕ್ಕೆ ಮೇಣ ಉಜ್ಜಿ, ಬಟ್ಟೆಯಿಂದ ತಿಕ್ಕಿ ನಯ ಮಾಡಿ.

ಹಂತ 6. ಗ್ಲಿಸರಿನ್ ಹರಡಿ. ಕೆಲವೇ ಹನಿ ಹಾಕಿ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಒಮ್ಮೆ ಎಳೆದು ತೆಳುವಾಗಿ ಹರಡಿ. ಹೊಸಬರು ಎಡವುವುದು ಇಲ್ಲೇ. ದಪ್ಪನಾಗಿ ಸುರಿದರೆ ಅದು ಹೊಂಡದ ಹಾಗೆ ಸುಮ್ಮನೆ ನಿಲ್ಲುತ್ತದೆ, ಒಡೆಯುವುದಿಲ್ಲ. ಮೂರು ಮಿಲಿಮೀಟರಿನ ಸುಮಾರಿನ ದಪ್ಪದವರೆಗೆ ಭೂಮಿಯ ಸೆಳೆತ ಗೆಲ್ಲಲಾರದು, ಅದಕ್ಕಿಂತ ದಪ್ಪವಾದರೆ ಗೆದ್ದುಬಿಡುತ್ತದೆ. ನಿಮಗೆ ಬೇಕಾದದ್ದು ಅದಕ್ಕಿಂತ ಬಹಳ ತೆಳುವಾದ ಪೊರೆ.

ಹಂತ 7. ಮೊಬೈಲಿನಲ್ಲಿ ವಿಡಿಯೋ ಶುರು ಮಾಡಿ, ಪೊರೆಯಲ್ಲಿ ಒಂದು ತೂತು ಮಾಡಿ. ಬೆಂಕಿಕಡ್ಡಿಯ ಹಿಂತುದಿಗೆ ಮೇಣ ಸವರಿ, ಪೊರೆಯನ್ನು ಒಂದು ಕಡೆ ತಟ್ಟೆ ಮುಟ್ಟುವವರೆಗೆ ಒತ್ತಿ ಎತ್ತಿ. ತೂತು ಮುಚ್ಚಿಕೊಳ್ಳುವುದಿಲ್ಲ, ಹಿಗ್ಗುತ್ತಾ ಹೋಗುತ್ತದೆ. ಹಿಂದೆ ಸರಿದ ಗ್ಲಿಸರಿನ್ ತೂತಿನ ಅಂಚಿನಲ್ಲಿ ಬದುವಿನಂತೆ ಎದ್ದು ನಿಲ್ಲುತ್ತದೆ. ಧೂಳಿನ ಕಣ ಬಿದ್ದಲ್ಲಿ, ಗಾಳಿಗುಳ್ಳೆ ಒಡೆದಲ್ಲಿ ತಾವಾಗಿಯೇ ಬೇರೆ ತೂತುಗಳೂ ತೆರೆದುಕೊಳ್ಳಬಹುದು. ಎರಡು ತೂತು ಹಿಗ್ಗಿ ಹತ್ತಿರ ಬಂದಾಗ ನಡುವೆ ಒಂದು ಉದ್ದ ಪಟ್ಟಿ ಉಳಿಯುತ್ತದೆ, ಆ ಪಟ್ಟಿ ಕತ್ತರಿಸಿ ಹನಿಗಳ ಸಾಲಾಗುತ್ತದೆ.

ಈ ದೃಶ್ಯ ಸಿಗದಿದ್ದರೆ ಬೇಸರಿಸಬೇಡಿ. ಕಾರಣ ಸಾಮಾನ್ಯವಾಗಿ ಎರಡೇ: ಮೇಣ ಸರಿಯಾಗಿ ಹಚ್ಚಿಲ್ಲ, ಇಲ್ಲವೇ ಪೊರೆ ದಪ್ಪವಾಗಿದೆ. ಒರೆಸಿ ಮತ್ತೆ ಮಾಡಿ. ವಿಡಿಯೋ ಚೆನ್ನಾಗಿ ಬರುವವರೆಗೂ ಮಾಡಿ, ಏಕೆಂದರೆ ಚಿನ್ನದಲ್ಲಿ ನಡೆಯುವ ಇದೇ ಘಟನೆಯನ್ನು ಹೀಗೆ ಬರಿಗಣ್ಣಿನಿಂದ ನೋಡಲು ಆಗುವುದಿಲ್ಲ. ತೂತು, ಬದು, ಪಟ್ಟಿ, ಹನಿ. ಈ ನಾಲ್ಕು ಅವಸ್ಥೆಗಳನ್ನು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಟ್ಟುಕೊಳ್ಳಿ. ಪೊರೆ ಹೀಗೆ ಒಡೆದು ಹನಿಯಾಗುವುದಕ್ಕೆ ಲ್ಯಾಬ್‌ನವರು ಹೇಳುವ ಹೆಸರು ಡಿವೆಟ್ಟಿಂಗ್.

ಲ್ಯಾಬ್‌ಗೆ ಹೋಗುವ ಮುನ್ನ

ಈಗ ಚಿನ್ನ. ಮಂಜಿನ ಹನಿಯ ಅಡ್ಡಳತೆ ಸುಮಾರು 10 ಮೈಕ್ರೋಮೀಟರ್. ನಾವು ಹಾಕಲಿರುವ ಚಿನ್ನದ ಪೊರೆಯ ದಪ್ಪ 10 ನ್ಯಾನೋಮೀಟರ್, ಅಂದರೆ ಆ ಹನಿಯ ಅಡ್ಡಳತೆಯ ಸಾವಿರದಲ್ಲೊಂದು ಪಾಲು, ಚಿನ್ನದ ಪರಮಾಣುಗಳ ಸುಮಾರು 40 ಪದರ. ಮೇಲ್ಮೈಯನ್ನು ಕಡಿಮೆ ಮಾಡಿಕೊಳ್ಳುವ ತವಕ ನೀರಿಗಿಂತ ಚಿನ್ನಕ್ಕೆ ಬಹಳ ಹೆಚ್ಚು. ನೀರಿನ ಮೇಲ್ಮೈ ಶಕ್ತಿ ಚದರ ಮೀಟರಿಗೆ 0.072 ಜೂಲ್ ಆದರೆ ಚಿನ್ನದ್ದು ಸುಮಾರು 1.5 ಜೂಲ್, ಇಪ್ಪತ್ತು ಪಟ್ಟು. ಗಾಜಿನ ಮೇಲ್ಮೈ ಶಕ್ತಿ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ನೀರಿಗೆ ಇಷ್ಟವಾದ ಅದೇ ಗಾಜು ಚಿನ್ನಕ್ಕೆ ಇಷ್ಟವಿಲ್ಲ. ನೀರಿಗೆ ಮೇಣ ಹೇಗೋ ಚಿನ್ನಕ್ಕೆ ಗಾಜು ಹಾಗೆ.

ಇಲ್ಲೊಂದು ಸೊಗಸಾದ ಸಂಗತಿಯಿದೆ. ಚಿನ್ನ 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಆದರೆ ಪೊರೆ ಒಡೆದು ಚುಕ್ಕಿಯಾಗಲು ಅಷ್ಟು ಶಾಖ ಬೇಡ, 300ರಿಂದ 500 ಡಿಗ್ರಿ ಸಾಕು. ಚಿನ್ನ ಗಟ್ಟಿಯಾಗಿಯೇ ಇರುತ್ತದೆ, ಮೇಲ್ಮೈಯಲ್ಲಿರುವ ಪರಮಾಣುಗಳು ಮಾತ್ರ ಅತ್ತಿತ್ತ ಸರಿದು ಕೆಲಸ ಮುಗಿಸುತ್ತವೆ. 1857ರಲ್ಲೇ ಮೈಕೆಲ್ ಫ್ಯಾರಡೆ ಗಾಜಿಗೆ ಅಂಟಿಸಿದ ಚಿನ್ನದ ರೇಕನ್ನು ಕರಗುವ ಮಟ್ಟಕ್ಕಿಂತ ಬಹಳ ಕೆಳಗೆ ಕಾಯಿಸಿ, ಅದರ ಮೂಲಕ ಕಾಣುತ್ತಿದ್ದ ಹಸಿರು ಬಣ್ಣ ಹೋಗಿ ರೇಕು ಪಾರದರ್ಶಕವಾಗುವುದನ್ನು ವರದಿ ಮಾಡಿದ್ದರು.

ಹಂತ 8. ಲ್ಯಾಬ್ ಹುಡುಕಿ. ನಿಮಗೆ ಬೇಕಾದ ಸಲಕರಣೆ ಮೂರು: ಲೋಹದ ಪೊರೆ ಹಾಕುವ ಸ್ಪಟರ್ ಕೋಟರ್, ಬಿಸಿ ಮಾಡುವ ಮಫಲ್ ಫರ್ನೇಸ್, ಕೊನೆಗೆ ಒಂದು ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಮೊದಲು ನಿಮ್ಮ ಭೌತಶಾಸ್ತ್ರ ಮೇಷ್ಟ್ರನ್ನು ಕೇಳಿ, ಅವರ ಪತ್ರವಿಲ್ಲದೆ ಎಲ್ಲೂ ಕೆಲಸ ನಡೆಯುವುದಿಲ್ಲ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇರುವಲ್ಲಿ ಸಾಮಾನ್ಯವಾಗಿ ಅದರ ಪಕ್ಕದಲ್ಲೇ ಸಣ್ಣ ಸ್ಪಟರ್ ಕೋಟರ್ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ಹೊರಗಿನ ಕಾಲೇಜಿನವರಿಗೂ ಐಎನ್‌ಯುಪಿ ಯೋಜನೆಯ ಮೂಲಕ ತರಬೇತಿ ಕೊಡುತ್ತದೆ, ಅರ್ಜಿ ಹಾಕಿ. ಹಳ್ಳಿ ಕಾಲೇಜಿನವರು ಅಂತ ಹಿಂಜರಿಯಬೇಡಿ. ಆ ಯೋಜನೆ ಇರುವುದೇ ಇಂಥ ಸಲಕರಣೆ ಇಲ್ಲದ ಕಡೆಯಿಂದ ಬರುವವರಿಗಾಗಿ.

ಚಿನ್ನದ ಖರ್ಚಿಗೂ ಹೆದರಬೇಡಿ. ಒಂದು ಪೂರ್ತಿ ಸ್ಲೈಡಿಗೆ 10 ನ್ಯಾನೋಮೀಟರ್ ಪೊರೆ ಹಾಕಲು ಅರ್ಧ ಮಿಲಿಗ್ರಾಂಗಿಂತ ಕಡಿಮೆ ಚಿನ್ನ ಸಾಕು. ಯಂತ್ರದ ಗೋಡೆಗೆ ಹತ್ತುವುದು ಬೇರೆ, ಅದು ಹೇಗೂ ಹತ್ತುತ್ತದೆ.

ಲ್ಯಾಬ್‌ನಲ್ಲಿ

ಹಂತ 9. ಗಾಜನ್ನು ಕತ್ತರಿಸಿ, ಹಿಂಬದಿಗೆ ಗುರುತು ಹಾಕಿ. ಡೈಮಂಡ್ ಸ್ಕ್ರೈಬರ್‌ನಿಂದ ಗೀರಿ ಸ್ಲೈಡನ್ನು ಸಣ್ಣ ತುಂಡುಗಳಾಗಿ ಮುರಿಯಿರಿ. ಪ್ರತಿ ತುಂಡಿನ ಹಿಂಬದಿಯಲ್ಲಿ ಒಂದು ಸಂಖ್ಯೆ ಕೊರೆಯಿರಿ. ಮಾರ್ಕರ್ ಬಳಸಬೇಡಿ, ಮುಂದಿನ ಹಂತದ ಅಸಿಟೋನ್ ಅದನ್ನು ಅಳಿಸಿಬಿಡುತ್ತದೆ. ಬಿಸಿ ಮಾಡಿದ ಮೇಲೆ ಯಾವ ಬದಿಗೆ ಚಿನ್ನ ಇದೆ ಎಂದು ತಿಳಿಯದೆ ಒದ್ದಾಡುವುದನ್ನು ಈ ಗುರುತು ತಪ್ಪಿಸುತ್ತದೆ.

ಗಾಜಿನ ಬದಲು ಸಿಲಿಕಾನ್ ತುಂಡು ಕೊಟ್ಟರೆ ಒಂದು ಪ್ರಶ್ನೆ ಕೇಳಿ: ಮೇಲೆ ಆಕ್ಸೈಡ್ ಪದರ ಬೆಳೆಸಿದ್ದೀರಾ? ಬರಿಯ ಸಿಲಿಕಾನ್ ಆದರೆ 363 ಡಿಗ್ರಿಯಲ್ಲೇ ಚಿನ್ನ ಅದರೊಂದಿಗೆ ಬೆರೆತು ಕರಗುತ್ತದೆ, ನಿಮಗೆ ಬೇಕಾದ ಚುಕ್ಕಿಗಳು ಸಿಗುವುದಿಲ್ಲ.

ಹಂತ 10. ತೊಳೆಯಿರಿ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಮೊದಲು ಸೋಪಿನ ನೀರು, ಆಮೇಲೆ ಡಿಐ ವಾಟರ್ (ಅಯಾನು ತೆಗೆದ ನೀರು), ಆಮೇಲೆ ಅಸಿಟೋನ್, ಅದು ಒಣಗುವ ಮುನ್ನವೇ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್). ಕೊನೆಗೆ ನೈಟ್ರೋಜನ್ ಗನ್ನಿನಿಂದ ಒಂದೇ ದಿಕ್ಕಿಗೆ ಊದಿ ಒಣಗಿಸಿ. ಅಸಿಟೋನ್ ತಾನಾಗಿ ಒಣಗಲು ಬಿಟ್ಟರೆ ಗಾಜಿನ ಮೇಲೆ ಕಲೆ ಉಳಿಯುತ್ತದೆ, ಕಲೆಯಿದ್ದಲ್ಲಿ ಪೊರೆ ಬೇರೆ ಥರ ಒಡೆಯುತ್ತದೆ. ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ. ಇದನ್ನು ಫ್ಯೂಮ್ ಹುಡ್‌ನಲ್ಲೇ ಮಾಡಿ, ಮನೆಯಲ್ಲಿ ಮಾಡಬೇಡಿ.

ಬೆಟ್ಟದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಒಂದು ತುಂಡನ್ನು ಪರೀಕ್ಷೆಗೆಂದು ಬೇರೆ ಇಟ್ಟು ಅದರ ಮೇಲೆ ಉಸಿರು ಬಿಡಿ. ಎಲ್ಲ ಕಡೆ ಒಂದೇ ಸಮನಾಗಿ ಹಬೆ ಕಟ್ಟಿ ಒಂದೇ ಸಮನಾಗಿ ಆರಿದರೆ ತೊಳೆದದ್ದು ಸರಿಯಾಗಿದೆ. ತೇಪೆ ತೇಪೆಯಾಗಿ ಕಂಡರೆ ಎಲ್ಲವನ್ನೂ ಮತ್ತೆ ತೊಳೆಯಿರಿ.

ಹಂತ 11. ಸ್ಪಟರ್ ಕೋಟರ್‌ನ ಟಾರ್ಗೆಟ್, ಅಂದರೆ ಪೊರೆಗೆ ಲೋಹ ಒದಗಿಸುವ ಬಿಲ್ಲೆ, ಯಾವುದೆಂದು ಕೇಳಿ. ಮೈಕ್ರೋಸ್ಕೋಪಿನ ಪಕ್ಕದ ಸಣ್ಣ ಯಂತ್ರಗಳಲ್ಲಿ ಎಷ್ಟೋ ಸಲ ಚಿನ್ನ ಮತ್ತು ಪಲ್ಲಾಡಿಯಂ ಬೆರೆಸಿದ ಟಾರ್ಗೆಟ್ ಇರುತ್ತದೆ. ನಮಗೆ ಬೇಕಾದದ್ದು ಶುದ್ಧ ಚಿನ್ನ. ಜೊತೆಗೆ ಇನ್ನೊಂದು ಮಾತು ಸ್ಪಷ್ಟವಾಗಿ ಹೇಳಿ: "ಕ್ರೋಮಿಯಂ, ಟೈಟಾನಿಯಂ ಏನೂ ಬೇಡ." ಚಿನ್ನ ಗಾಜಿಗೆ ಗಟ್ಟಿಯಾಗಿ ಅಂಟಲಿ ಎಂದು ಆಪರೇಟರ್ ಅಭ್ಯಾಸಬಲದಿಂದ ಅಡಿಯಲ್ಲಿ ಅಂಥ ಪದರ ಹಾಕುವುದುಂಟು. ಬೇರೆಯವರಿಗೆ ಅದು ಉಪಕಾರ. ನಿಮಗೆ ಮಾತ್ರ ಪೊರೆ ಅಂಟಬಾರದು, ಒಡೆಯಬೇಕು.

ಹಂತ 12. ಮೂರು ದಪ್ಪದ ಪೊರೆ ಹಾಕಿಸಿ. 5, 10 ಮತ್ತು 15 ನ್ಯಾನೋಮೀಟರ್. ಪ್ರತಿ ದಪ್ಪಕ್ಕೂ ಎರಡೆರಡು ತುಂಡು. ತುಂಡುಗಳನ್ನು ಟ್ವೀಜರ್‌ನಿಂದ ಅಂಚಿನಲ್ಲಿ ಹಿಡಿದು ಒಳಗಿಡಿ. ಥಿಕ್‌ನೆಸ್ ಮಾನಿಟರ್ ಇದ್ದರೆ ಅದರಲ್ಲಿ ಚಿನ್ನದ ಸಾಂದ್ರತೆ 19.3 ಎಂದು ಇದೆಯೇ ನೋಡಿ. ಹಿಂದಿನವರು ಬೆಳ್ಳಿಗೋ ಅಲ್ಯೂಮಿನಿಯಂಗೋ ಇಟ್ಟು ಹೋಗಿದ್ದರೆ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ.

ಯಂತ್ರದೊಳಗೆ ಈಗ ನಡೆಯುತ್ತಿರುವುದು ಬೆಟ್ಟದಲ್ಲಿ ಕಂಡದ್ದೇ. ಚಿನ್ನದ ಪರಮಾಣುಗಳು ಹೊರಗಿನಿಂದ ಬಂದು ಗಾಜಿಗೆ ತಾಕುತ್ತವೆ, ಅಲ್ಲಲ್ಲಿ ಗುಂಪು ಕಟ್ಟಿ ಪುಟ್ಟ ದ್ವೀಪಗಳಾಗುತ್ತವೆ, ದ್ವೀಪಗಳು ಬೆಳೆದು ಒಂದನ್ನೊಂದು ತಾಕುತ್ತವೆ, ಕೊನೆಗೆ ಕೂಡಿಕೊಂಡು ಪೊರೆಯಾಗುತ್ತವೆ. 5 ನ್ಯಾನೋಮೀಟರಿನ ಹೊತ್ತಿಗೆ ಪೊರೆ ಇನ್ನೂ ಅರ್ಧಂಬರ್ಧ ದ್ವೀಪಗಳ ಸ್ಥಿತಿಯಲ್ಲಿರಬಹುದು. 10ರ ಹೊತ್ತಿಗೆ ಸಾಮಾನ್ಯವಾಗಿ ಎಲ್ಲವೂ ಕೂಡಿಕೊಂಡಿರುತ್ತದೆ.

ಹಂತ 13. ಬಣ್ಣ ಬರೆದುಕೊಳ್ಳಿ. ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಅದರ ಮೂಲಕ ನೋಡಿ. 10 ನ್ಯಾನೋಮೀಟರಿನ ಪೊರೆ ಹಸಿರು ಮಿಶ್ರಿತ ನೀಲಿಯಾಗಿ ಕಾಣುತ್ತದೆ. ಬಿಳಿ ಹಾಳೆಯ ಮೇಲಿಟ್ಟು ಫೋಟೋ ತೆಗೆಯಿರಿ.

ಹಂತ 14. ಮಲ್ಟಿಮೀಟರ್ ಹಿಡಿಯಿರಿ. ಎರಡು ಪ್ರೋಬ್‌ಗಳನ್ನು ಪೊರೆಯ ಎರಡು ಮೂಲೆಗಳಿಗೆ ಮೆಲ್ಲಗೆ ತಾಗಿಸಿ, ಓಮ್‌ಗಳಲ್ಲಿ ಎಷ್ಟು ತೋರಿಸುತ್ತದೆ ಬರೆದುಕೊಳ್ಳಿ. ಒತ್ತಿದರೆ ಪೊರೆ ಗೀರುತ್ತದೆ. ಇಷ್ಟು ಅಗ್ಗದ ಪರೀಕ್ಷೆಯನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ನನಗಂತೂ ಈ ಇಡೀ ಪ್ರಯೋಗದಲ್ಲಿ ಎಲ್ಲಕ್ಕಿಂತ ಮುದ್ದಾದ ಅಳತೆ ಇದೇ ಅನ್ನಿಸುತ್ತದೆ, ಏಕೆಂದು ಹಂತ 17ರಲ್ಲಿ ಗೊತ್ತಾಗುತ್ತದೆ.

ಹಂತ 15. ಪ್ರತಿ ದಪ್ಪದಿಂದ ಒಂದು ತುಂಡನ್ನು ಎತ್ತಿಡಿ. ಅದನ್ನು ಬಿಸಿ ಮಾಡಬಾರದು. ಹೋಲಿಸಿ ನೋಡಲು ಮೂಲ ಪೊರೆ ಉಳಿದಿರಬೇಕು. ಉತ್ಸಾಹದಲ್ಲಿ ಎಲ್ಲವನ್ನೂ ಫರ್ನೇಸಿಗೆ ಹಾಕಿದರೆ ಹಿಂದಕ್ಕೆ ಪಡೆಯುವ ದಾರಿಯಿಲ್ಲ.

ಹಂತ 16. ಫರ್ನೇಸಿನಲ್ಲಿ ಬಿಸಿ ಮಾಡಿ. ಉಳಿದ ಮೂರು ತುಂಡುಗಳನ್ನು ಚಿನ್ನದ ಬದಿ ಮೇಲಾಗಿ ಸೆರಾಮಿಕ್ ಬೋಟಿನಲ್ಲಿಟ್ಟು ಫರ್ನೇಸಿನೊಳಗಿಡಿ. ನಿಮಿಷಕ್ಕೆ 5 ಡಿಗ್ರಿಯಂತೆ 450 ಡಿಗ್ರಿಗೆ ಏರಿಸಿ. ಅಷ್ಟಕ್ಕೇ ಸುಮಾರು ಒಂದೂವರೆ ಗಂಟೆ ಹಿಡಿಯುತ್ತದೆ, ಗಡಿಬಿಡಿ ಬೇಡ. ಅಲ್ಲಿ ಒಂದು ಗಂಟೆ ನಿಲ್ಲಿಸಿ. ಆಮೇಲೆ ಫರ್ನೇಸ್ ಆಫ್ ಮಾಡಿ, ಬಾಗಿಲು ತೆಗೆಯದೆ ಮರುದಿನದವರೆಗೆ ಆರಲು ಬಿಡಿ. ಬಿಸಿಯಿರುವಾಗ ತೆಗೆದರೆ ಗಾಜು ಸೀಳುತ್ತದೆ. ಸಾಮಾನ್ಯ ಸ್ಲೈಡಿನ ಗಾಜು 500 ಡಿಗ್ರಿ ದಾಟಿದರೆ ಮೆತ್ತಗಾಗುವ ಹಾದಿ ಹಿಡಿಯುತ್ತದೆ, ಅದಕ್ಕೇ 450 ಹೇಳಿದ್ದು. ಕ್ವಾರ್ಟ್ಜ್ ತುಂಡಾದರೆ ಇನ್ನೂ ಮೇಲಕ್ಕೆ ಹೋಗಬಹುದು. ಮನೆಯ ಗ್ಯಾಸ್ ಒಲೆಯ ಮೇಲೆ ಇದನ್ನು ಮಾಡಲು ಹೋಗಬೇಡಿ, ಗಾಜು ಸಿಡಿದು ಕಣ್ಣಿಗೆ ಬೀಳುತ್ತದೆ.

ಒಳಗೆ ಈಗ ಗ್ಲಿಸರಿನ್‌ನ ಕಥೆ ನಡೆಯುತ್ತಿದೆ. ಪೊರೆ ಸಣ್ಣ ಸಣ್ಣ ಹರಳುಗಳು ಅಂಟಿಕೊಂಡು ಆದದ್ದು. ಹರಳುಗಳು ಸೇರುವ ಗೆರೆಗಳ ಉದ್ದಕ್ಕೂ ಮೊದಲು ತೋಡು ಬೀಳುತ್ತದೆ. ತೋಡು ಆಳವಾಗಿ ಗಾಜು ಮುಟ್ಟಿದಲ್ಲಿ ತೂತು ತೆರೆಯುತ್ತದೆ. ಮುಂದೆ ಬದು, ಪಟ್ಟಿ, ಹನಿ. ಗಾಳಿಯಲ್ಲೇ ಬಿಸಿ ಮಾಡಿದರೂ ಚಿನ್ನಕ್ಕೆ ಏನೂ ಆಗುವುದಿಲ್ಲ. ತಾಮ್ರ ಹಾಕಿದ್ದರೆ ಆಕ್ಸೈಡ್ ಆಗಿ ಕರಿದಾಗುತ್ತಿತ್ತು. ಹೊಸಬರು ಚಿನ್ನದಿಂದಲೇ ಶುರು ಮಾಡಬೇಕು ಅನ್ನುವುದು ಈ ಕಾರಣಕ್ಕೆ.

ಹಂತ 17. ಬಣ್ಣವನ್ನೂ ಓಮ್‌ಗಳನ್ನೂ ಮತ್ತೆ ನೋಡಿ. ಎತ್ತಿಟ್ಟ ತುಂಡಿನ ಪಕ್ಕದಲ್ಲಿ ಇದನ್ನಿಟ್ಟು ಬೆಳಕಿಗೆ ಹಿಡಿಯಿರಿ. ಹಸಿರು ನೀಲಿ ಹೋಗಿದೆ. ಗುಲಾಬಿಯೋ ನೇರಳೆಯೋ ಬಂದಿದೆ. ಬಿಡಿ ಬಿಡಿಯಾದ ಚಿನ್ನದ ಚುಕ್ಕಿಗಳಲ್ಲಿ ಎಲೆಕ್ಟ್ರಾನುಗಳು ಹಸಿರು ಬೆಳಕಿನ ತಾಳಕ್ಕೆ ಒಟ್ಟಿಗೆ ಓಲಾಡಿ ಅದನ್ನು ನುಂಗುತ್ತವೆ, ಮುಖ್ಯವಾಗಿ ಕೆಂಪು ದಾಟಿ ಬರುತ್ತದೆ. ಈಗ ಮಲ್ಟಿಮೀಟರ್ ತಾಗಿಸಿ. ಮುಂಚೆ ಓಮ್ ತೋರಿಸಿದ ಮೀಟರ್ ಈಗ ಓಪನ್ ಸರ್ಕ್ಯೂಟ್ ಅನ್ನುತ್ತದೆ. ಗಾಜಿನ ಮೇಲಿನ ಚಿನ್ನ ಒಂದು ಕಣವೂ ಕಡಿಮೆಯಾಗಿಲ್ಲ, ಆದರೆ ಕರೆಂಟ್ ಹರಿಯುತ್ತಿಲ್ಲ. ಮೈಕ್ರೋಸ್ಕೋಪಿಗೆ ಹೋಗುವ ಮೊದಲೇ, ಕೆಲವು ನೂರು ರೂಪಾಯಿಯ ಮೀಟರ್‌ನಿಂದ, ಪೊರೆ ಚುಕ್ಕಿಯಾಯಿತೆಂದು ನೀವು ಸಾಬೀತು ಮಾಡಿಬಿಟ್ಟಿರಿ.

ಇನ್ನೂ ಓಮ್ ತೋರಿಸುತ್ತಿದ್ದರೆ ಪೊರೆ ಪೂರ್ತಿ ಒಡೆದಿಲ್ಲ, ತೂತುಗಳ ಮಟ್ಟದಲ್ಲೇ ನಿಂತಿದೆ. ದಪ್ಪದ ತುಂಡುಗಳಲ್ಲಿ ಹೀಗಾಗುವುದು ಸಹಜ. ಅದನ್ನೇ ಇನ್ನೊಮ್ಮೆ ಫರ್ನೇಸಿಗಿಡಿ, ಹಾಳಾಗಲಿಲ್ಲ.

ಹಂತ 18. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಚಿತ್ರ ತೆಗೆಸಿ. ಎಡವಿ ಬೀಳುವ ಗುಂಡಿಗಳಲ್ಲಿ ಇಲ್ಲಿರುವುದೇ ಎಲ್ಲಕ್ಕಿಂತ ದೊಡ್ಡದು. ಗಾಜು ಕರೆಂಟ್ ಹರಿಸದ ಕಾರಣ ಚಿತ್ರ ಮಸುಕಾಗುತ್ತದೆ. ಆಪರೇಟರ್ ಕೂಡಲೇ "ಮೇಲೊಂದು ಗೋಲ್ಡ್ ಕೋಟಿಂಗ್ ಹಾಕೋಣ" ಅನ್ನಬಹುದು. ಒಪ್ಪಬೇಡಿ, ನಿಮ್ಮ ಚಿನ್ನದ ಚುಕ್ಕಿಗಳು ಅದರಡಿ ಹೂತುಹೋಗುತ್ತವೆ. ಕಾರ್ಬನ್ ಕೋಟಿಂಗ್ ಕೇಳಿ, ಇಲ್ಲವೇ ಕಡಿಮೆ ವೋಲ್ಟೇಜಿನಲ್ಲಿ ನೋಡಲು ಕೇಳಿ. ಪ್ರತಿ ತುಂಡಿನ ಬೇರೆ ಬೇರೆ ಜಾಗಗಳಲ್ಲಿ, ಒಂದೇ ಮ್ಯಾಗ್ನಿಫಿಕೇಶನ್‌ನಲ್ಲಿ, ಸ್ಕೇಲ್ ಬಾರ್ ಸಮೇತ ಚಿತ್ರ ಪಡೆಯಿರಿ. ಚಂದ ಕಂಡ ಜಾಗವನ್ನಷ್ಟೇ ಆರಿಸಬೇಡಿ.

ತೆರೆಯ ಮೇಲೆ ಮೂಡುವುದು ನಿಮಗೆ ಪರಿಚಿತ ಚಿತ್ರವೇ: ಮೇಣದ ಸ್ಲೈಡಿನ ಹನಿಗಳಂಥ ಚುಕ್ಕಿಗಳು, ಅಳತೆ ಮಾತ್ರ ನ್ಯಾನೋಮೀಟರ್‌ಗಳಲ್ಲಿ.

ಎಣಿಕೆ ಮತ್ತು ಲೆಕ್ಕ

ಹಂತ 19. ಇಮೇಜ್‌ಜೆ ತೆರೆಯಿರಿ. ಉಚಿತ ಸಾಫ್ಟ್‌ವೇರ್, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಚಿತ್ರ ತೆರೆದು, ಸ್ಕೇಲ್ ಬಾರಿನ ಮೇಲೆ ಗೆರೆ ಎಳೆದು, 'ಸೆಟ್ ಸ್ಕೇಲ್'ನಲ್ಲಿ ಅದರ ಉದ್ದ ಎಷ್ಟು ನ್ಯಾನೋಮೀಟರ್ ಎಂದು ತುಂಬಿ. ಇದನ್ನು ಮರೆತರೆ ಉತ್ತರವೆಲ್ಲ ಪಿಕ್ಸೆಲ್‌ಗಳಲ್ಲಿ ಬರುತ್ತದೆ. ಆಮೇಲೆ 'ತ್ರೆಶೋಲ್ಡ್' ಸರಿಸಿ ಚುಕ್ಕಿಗಳನ್ನು ಹಿನ್ನೆಲೆಯಿಂದ ಬಿಡಿಸಿ, 'ಅನಲೈಜ್ ಪಾರ್ಟಿಕಲ್ಸ್' ಒತ್ತಿ. ಒಂದೊಂದು ಚುಕ್ಕಿಯ ವಿಸ್ತೀರ್ಣವೂ ಪಟ್ಟಿಯಾಗಿ ಬರುತ್ತದೆ.

ಹಂತ 20. ಚಿನ್ನದ ಲೆಕ್ಕ ತಾಳೆ ನೋಡಿ. ಹಾಕಿದ ಚಿನ್ನವೂ ಚುಕ್ಕಿಗಳಲ್ಲಿರುವ ಚಿನ್ನವೂ ಸಮನಾಗಬೇಕಲ್ಲವೇ? ಪ್ರತಿ ಚುಕ್ಕಿಯನ್ನು ಅರ್ಧಗೋಳ ಎಂದುಕೊಳ್ಳಿ. ಉದಾಹರಣೆಗೆ, ಸರಾಸರಿ ತ್ರಿಜ್ಯ 50 ನ್ಯಾನೋಮೀಟರ್ ಆದರೆ ಒಂದರ ಗಾತ್ರ ಸುಮಾರು 2,62,000 ಘನ ನ್ಯಾನೋಮೀಟರ್. 10 ನ್ಯಾನೋಮೀಟರ್ ಪೊರೆಯಲ್ಲಿ ಒಂದು ಚದರ ಮೈಕ್ರೋಮೀಟರಿಗೆ 1,00,00,000 ಘನ ನ್ಯಾನೋಮೀಟರ್ ಚಿನ್ನವಿದೆ. ಭಾಗಿಸಿದರೆ 38. ಅಂದರೆ ಚದರ ಮೈಕ್ರೋಮೀಟರಿಗೆ ಸುಮಾರು 38 ಚುಕ್ಕಿ, ಒಂದರಿಂದ ಇನ್ನೊಂದಕ್ಕೆ ಸುಮಾರು 160 ನ್ಯಾನೋಮೀಟರ್ ದೂರ ಇರಬೇಕು. ನಿಮ್ಮ ಎಣಿಕೆ ಇದಕ್ಕೆ ಹತ್ತಿರವಿದ್ದರೆ ದಪ್ಪದ ಅಳತೆ ಸರಿಯಿದೆ. ಸ್ವಲ್ಪ ಹೆಚ್ಚುಕಡಿಮೆ ಬಂದೇ ಬರುತ್ತದೆ, ಚುಕ್ಕಿಗಳು ನಿಜವಾಗಿ ಅರ್ಧಗೋಳಕ್ಕಿಂತ ಇನ್ನಷ್ಟು ಉಂಡೆಯಾಗಿರುತ್ತವೆ. ಎರಡು ಮೂರು ಪಟ್ಟು ವ್ಯತ್ಯಾಸ ಬಂದರೆ ಥಿಕ್‌ನೆಸ್ ಮಾನಿಟರನ್ನು ಅನುಮಾನಿಸಿ.

ಹಂತ 21. ಗ್ರಾಫ್ ಹಾಕಿ. ಅಡ್ಡ ಅಕ್ಷಕ್ಕೆ ಪೊರೆಯ ದಪ್ಪ, ಉದ್ದ ಅಕ್ಷಕ್ಕೆ ಚುಕ್ಕಿಗಳ ನಡುವಿನ ಸರಾಸರಿ ದೂರ. ದಪ್ಪ ಹೆಚ್ಚಿದಂತೆ ಚುಕ್ಕಿ ದೊಡ್ಡದು, ಅಂತರವೂ ದೊಡ್ಡದು.

ಎಷ್ಟು ದೊಡ್ಡದು ಎಂಬುದು ಪೊರೆ ಒಡೆಯುವ ಬಗೆಯನ್ನು ಅವಲಂಬಿಸಿದೆ. 1996ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್‌ನ ಸಂಶೋಧಕರು ಲೇಸರ್ ಮಿಡಿತದಿಂದ ಲೋಹದ ಪೊರೆಯನ್ನು ಕ್ಷಣಕಾಲ ಕರಗಿಸಿ ಎರಡು ದಾರಿಗಳನ್ನು ತೋರಿಸಿಕೊಟ್ಟರು. ಒಂದರಲ್ಲಿ ದೋಷವಿದ್ದಲ್ಲಿ ತೂತು ಹುಟ್ಟುತ್ತದೆ. ಇನ್ನೊಂದರಲ್ಲಿ ದೋಷವೇ ಬೇಡ, ಪೊರೆಯ ಮೈಯಲ್ಲಿ ಸದಾ ಇರುವ ಅತಿ ಸಣ್ಣ ಅಲೆಗಳಲ್ಲಿ ಒಂದು ಅಳತೆಯದ್ದು ಮಿಕ್ಕವಕ್ಕಿಂತ ಬೇಗ ಬೆಳೆದು ಪೊರೆಯನ್ನು ಒಡೆಯುತ್ತದೆ. ಹೀಗೆ ಕರಗಿ ಒಡೆಯುವಾಗ ಅಂತರವು ದಪ್ಪದ ವರ್ಗದಂತೆ ಏರಬೇಕೆಂದು ಸಿದ್ಧಾಂತ ಹೇಳುತ್ತದೆ, ದಪ್ಪ ಎರಡು ಪಟ್ಟಾದರೆ ಅಂತರ ನಾಲ್ಕು ಪಟ್ಟು. ನೀವು ಮಾಡಿದ್ದು ಗಟ್ಟಿ ಚಿನ್ನದಲ್ಲಿ, ಫರ್ನೇಸಿನಲ್ಲಿ. ಹಾಗಾಗಿ ನಿಮ್ಮ ಗ್ರಾಫ್ ಇದೇ ನಿಯಮಕ್ಕೆ ಬಗ್ಗಬೇಕೆಂದಿಲ್ಲ. ಬಗ್ಗಲಿಲ್ಲವೆಂದು ಅಂಕಿಗಳನ್ನು ತಿದ್ದಲು ಹೋಗಬೇಡಿ. ಬಂದದ್ದನ್ನು ಬಂದಂತೆ ಬರೆಯಿರಿ.

ಇಷ್ಟು ಕೈಗೆ ಹತ್ತಿದ ಮೇಲೆ ಬೇರೆ ದಾರಿಗಳೂ ತೆರೆದಿವೆ. ಗಾಜಿನಲ್ಲಿ ಮೊದಲೇ ಸಾಲಾಗಿ ಸಣ್ಣ ಗುಳಿ ಕೊರೆದಿದ್ದರೆ ಚುಕ್ಕಿಗಳು ಗುಳಿಗಳಲ್ಲೇ ಬಂದು ಕೂರುತ್ತವೆ, ವಿನ್ಯಾಸ ಶಿಸ್ತಾಗುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಜಿ.ಯು. ಕುಲಕರ್ಣಿ ಅವರ ತಂಡ ಹಿಡಿದದ್ದು ಇನ್ನೊಂದು ದಾರಿ. ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುವ ಹಾಗೆ ಒಣಗುತ್ತಾ ಬಿರಿಯುವ ದ್ರಾವಣವನ್ನು ಅವರು ಗಾಜಿಗೆ ಸವರಿದರು, ಬಿರುಕುಗಳೊಳಗೆ ಲೋಹ ತುಂಬಿದರು, ಆಮೇಲೆ ಒಣಗಿದ ಪದರವನ್ನು ತೊಳೆದುಹಾಕಿದರು. ಉಳಿದದ್ದು ಕರೆಂಟೂ ಹರಿಯುವ, ಬೆಳಕೂ ದಾಟುವ ಲೋಹದ ಬಲೆ. ಅಲ್ಲಿಯೂ ಬಲೆಯ ಒಂದೇ ಒಂದು ಎಳೆಯನ್ನು ಯಾರೂ ಕೈಯಿಂದ ಎಳೆದಿಲ್ಲ. ಅಂದಹಾಗೆ ಬಿರುಕಿನ ಆ ಬಲೆ ಮೈಕ್ರೋಮೀಟರ್ ಅಳತೆಯದು, ನಿಮ್ಮ ಚುಕ್ಕಿಗಳಿಗಿಂತ ದೊಡ್ಡದು.

ಹಂತ 22. ಮುಂದಿನ ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ದಪ್ಪ ಅದೇ 10 ನ್ಯಾನೋಮೀಟರ್ ಇರಲಿ, ಸಮಯ ಅದೇ ಒಂದು ಗಂಟೆ ಇರಲಿ, ಶಾಖವನ್ನು ಮಾತ್ರ 250, 350, 450 ಎಂದು ಬದಲಿಸಿ. 250ರ ತುಂಡಿನಲ್ಲಿ ಬರಿಯ ತೂತುಗಳು, 350ರಲ್ಲಿ ಪಟ್ಟಿಗಳು, 450ರಲ್ಲಿ ಚುಕ್ಕಿಗಳು ಸಿಕ್ಕರೆ, ಅಡುಗೆಮನೆಯ ವಿಡಿಯೋದಿಂದ ಬರೆದುಕೊಂಡ ನಾಲ್ಕು ಚಿತ್ರಗಳ ಎದುರಿಗೆ ಅವನ್ನು ಅಂಟಿಸಿ. ಸಿಗದಿದ್ದರೆ ನಡುವಿನ ಶಾಖಗಳನ್ನು ಪ್ರಯತ್ನಿಸಿ. ಎರಡು ವಿಷಯ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಪ್ರತಿ ತುಂಡಿನ ಸಂಖ್ಯೆ, ದಿನಾಂಕ, ದಪ್ಪ, ಶಾಖ, ಸಮಯ, ಮುಂಚಿನ ಓಮ್, ನಂತರದ ಓಮ್ ಇಷ್ಟನ್ನೂ ಅಂದಂದೇ ಪೆನ್ನಿನಲ್ಲಿ ಬರೆಯಿರಿ.